ಸಾಕು ಎಂದು ಹೇಳುವ ಕೆಲಸ

ನನ್ನ ಗಂಡನಿಗೆ ಇಂಜಿನ್ನಿನ ಮೇಲೆ ಇರುವಷ್ಟು ಪ್ರೀತಿ ಮನುಷ್ಯರ ಮೇಲಿಲ್ಲ ಎಂದು ನಮ್ಮತ್ತೆ ದೂರುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಮನುಷ್ಯರ ಮೇಲೂ ಇತ್ತು, ಆದರೆ ಅವರು ಲಾರಿ ನಡೆಸುವವರಾಗಿರಬೇಕಿತ್ತು. ಮದುವೆಯಾದ ಹೊಸತರಲ್ಲಿ ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಂಡಿಯೇನು ಎಂದು ನನ್ನನ್ನು ಒಂದು ದಿನವೂ ಕೇಳದ ಮನುಷ್ಯ, ಲೋಡು ಕಟ್ಟಿಕೊಂಡು ಬಂದ ಡ್ರೈವರನಿಗೆ ತಾವೇ ತಂಬಿಗೆಯಲ್ಲಿ ನೀರು ತಂದು ಕೊಡುತ್ತಿದ್ದರು.

ನಾವಿಬ್ಬರೂ ಬನವಾಸಿ ಕಡೆಯವರು. ಅವರ ಮನೆಯಲ್ಲಿ ಒಕ್ಕಲುತನ, ನಮ್ಮ ಮನೆಯಲ್ಲಿ ಕಾಳುಕಡಿಯ ವ್ಯಾಪಾರ. ಹೊಲವನ್ನು ಅಣ್ಣನಿಗೆ ಬಿಟ್ಟುಕೊಟ್ಟು ಅವರು ಹುಬ್ಬಳ್ಳಿಗೆ ಹೋಗಿ ಒಬ್ಬ ಉಸ್ತಾದರ ಕೈಕೆಳಗೆ ಮೋಟಾರು ಕೆಲಸ ಕಲಿತರು. ಆಮೇಲೆ ಕೆಲವು ವರ್ಷ ಶಿರಸಿಯ ಒಂದು ಗ್ಯಾರೇಜಿನಲ್ಲಿದ್ದರು. ನಮ್ಮ ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಯಲ್ಲಾಪುರದಲ್ಲಿ ಸ್ವಂತ ಶೆಡ್ಡು ಹಾಕಿದರು. ಯಲ್ಲಾಪುರವೇ ಯಾಕೆಂದರೆ, ಕಾಡಿನಿಂದ ನಾಟಾ, ಅಂದರೆ ಮರದ ತುಂಡುಗಳನ್ನು, ತುಂಬಿಕೊಂಡು ಸಮುದ್ರದ ಕಡೆಗೆ ಹೋಗುವ ಲಾರಿಗಳೆಲ್ಲ ಅರಬೈಲ್ ಘಟ್ಟ ಇಳಿಯುವ ಮೊದಲು ಅಲ್ಲಿ ನಿಲ್ಲುತ್ತಿದ್ದವು. ರಸ್ತೆಗೆ ಮುಖ ಮಾಡಿ ತಗಡಿನ ಶೆಡ್ಡು, ಅದರ ಬೆನ್ನಿಗೆ ಎರಡು ಕೋಣೆಯ ನಮ್ಮ ಮನೆ. ನಡುವೆ ಒಂದೇ ಬಾಗಿಲು. ನಾನು ಒಗ್ಗರಣೆ ಹಾಕಿದರೆ ಶೆಡ್ಡಿನವರು ಸೀನುತ್ತಿದ್ದರು, ಅವರು ಇಂಜಿನ್ ಚಾಲೂ ಮಾಡಿದರೆ ನನ್ನ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಡೀಸೆಲ್ಲಿನ ವಾಸನೆ ಹತ್ತಿದ ಅನ್ನವನ್ನು ನಾನು ಎಷ್ಟು ವರ್ಷ ಉಂಡೆನೋ.

ಆ ಘಟ್ಟದ ವಿಷಯ ಸ್ವಲ್ಪ ಹೇಳಬೇಕು. ಈಗಿನ ಹಾಗೆ ರಸ್ತೆ ಅಗಲವಿರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ನಾಟಾ ತುಂಬಿದ ಲಾರಿಯನ್ನು ಬ್ರೇಕು ಒಂದೇ ತಡೆದು ಇಳಿಸಲಾರದು. ಸಣ್ಣ ಗೇರಿಗೆ ಹಾಕಿ, ಇಂಜಿನ್ನೇ ಲಾರಿಯನ್ನು ಹಿಂದಕ್ಕೆ ಹಿಡಿದಿಟ್ಟುಕೊಳ್ಳುವ ಹಾಗೆ ಮಾಡಿ ಇಳಿಸಬೇಕು. ಇಂಜಿನ್ನಿನ ಹಿಂಭಾಗದಲ್ಲಿ ಸುತ್ತಲೂ ಹಲ್ಲುಗಳಿರುವ ಭಾರಿ ಕಬ್ಬಿಣದ ಚಕ್ರವೊಂದಿರುತ್ತದೆ. ಅದಕ್ಕೆ ಫ್ಲೈವೀಲ್ ಅನ್ನುತ್ತಾರೆ. ಇಂಜಿನ್ನಿನ ಬಲ ಗಾಲಿಗೆ ಹೋಗುವುದೂ, ಗಾಲಿಯನ್ನು ಇಂಜಿನ್ನು ತಡೆಯುವುದೂ ಅದರ ಮೂಲಕವೇ. ಆ ಚಕ್ರವನ್ನು ಹಿಡಿದಿರುವ ಬೋಲ್ಟುಗಳು ಘಟ್ಟದ ನಡುವೆ ಸಡಿಲಾಗಿ ಮುರಿದವೆಂದರೆ ಇಂಜಿನ್ನೇ ಬೇರೆ, ಲಾರಿಯೇ ಬೇರೆ. ಆಮೇಲೆ ಡ್ರೈವರು ಏನೂ ಮಾಡುವ ಹಾಗಿಲ್ಲ. ಕೆಳಗಿನ ಕಾಡಿನಲ್ಲಿ ಹಾಗೆ ಹೋದ ಲಾರಿಗಳ ತುಕ್ಕು ಹಿಡಿದ ಅಸ್ಥಿ ಬಿದ್ದಿರುವುದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಇಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಮತ್ತೆ ಕೂಡಿಸುವಾಗ ಈ ಚಕ್ರದ ಬೋಲ್ಟು ಬಿಗಿಯುವ ದಿನ ನಮ್ಮ ಶೆಡ್ಡಿನಲ್ಲಿ ಯಾರೂ ಬೀಡಿ ಸೇದುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬೋಲ್ಟನ್ನು ಎಳೆದರೆ ಚಕ್ರವೂ ಅದರ ಜೊತೆಗೇ ತಿರುಗಿಬಿಡುತ್ತದೆ. ತಿರುಗದಂತೆ ಯಾರಾದರೂ ಹಿಡಿಯಬೇಕು. ನೆಲದ ಮೇಲೆ ಎರಡು ದಿಮ್ಮಿ ಹಾಕಿ ಇಂಜಿನ್ ಕೂರಿಸಿ, ಒಬ್ಬ ಚಕ್ರದ ಹಲ್ಲಿಗೆ ಹಾರೆಯ ತುದಿ ಸಿಕ್ಕಿಸಿ, ದಿಮ್ಮಿಗೆ ಕಾಲು ಕೊಟ್ಟು, ಮೈಭಾರವನ್ನೆಲ್ಲ ಹಾರೆಗೆ ಬಿಟ್ಟು ಕೂರುತ್ತಿದ್ದ. ಇನ್ನೊಬ್ಬ ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಎಳೆಯುತ್ತಿದ್ದ.

ನಮ್ಮವರ ಉಸ್ತಾದರು ಒಂದು ನಿಯಮ ಕಲಿಸಿದ್ದರು. ಪಾನಾ ಎಳೆಯುವವನು ತಾನಾಗಿ ಸಾಕು ಅನ್ನಬಾರದು. ಹಾರೆ ಹಿಡಿದವನು ಅನ್ನಬೇಕು. ಎಳೆಯುವವನಿಗೆ ಬೆಳಿಗ್ಗೆ ಒಂದು ಬಲ, ಸಂಜೆ ಒಂದು ಬಲ. ಕೈ ಸೋತಾಗ ಬೋಲ್ಟು ಬಿಗಿಯಾಯಿತು ಅಂತಲೇ ಅವನಿಗೆ ಅನಿಸುತ್ತದೆ. ಹಿಡಿದವನಿಗೆ ಆ ಮೋಸವಿಲ್ಲ. ಬೋಲ್ಟು ಇನ್ನೂ ತಿರುಗುತ್ತಿರುವಾಗ ಹಾರೆ ಸುಮ್ಮನೆ ಅದುರುತ್ತದೆ. ಅದು ಕೊನೆಗೆ ನಿಂತಿತೆಂದರೆ ಎಳೆತವೆಲ್ಲ ಒಮ್ಮೆಲೇ ಹಾರೆಗೆ ಬಂದು ತೋಳಿಗೆ ಹೊಡೆಯುತ್ತದೆ. ಇಂಜಿನ್ನು ದಿಮ್ಮಿಯ ಮೇಲೆ ಏಳಲು ನೋಡುತ್ತದೆ. ಆಗ ಸಾಕು ಅನ್ನಬೇಕು. ಬೇರೆ ಗ್ಯಾರೇಜಿನವರು ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಕಡಿಮೆ ಬಲದಲ್ಲೇ ಎಳೆಯುತ್ತಿದ್ದರು. ನಮ್ಮವರಿಗೆ ಅದೆಂದರೆ ತಾತ್ಸಾರ. ಪೈಪು ಹಾಕಿದವನಿಗೆ ಬೋಲ್ಟು ಮುರಿಯುವುದೂ ತಿಳಿಯುವುದಿಲ್ಲ, ಅದು ಹಮಾಲಿ ಕೆಲಸ, ಎಂದು ಎಲ್ಲರೆದುರು ನಗುತ್ತಿದ್ದರು. ಆ ನಗು ರಸ್ತೆಯ ಉದ್ದಕ್ಕೂ ಗೊತ್ತಿತ್ತು. ನಮ್ಮ ಶೆಡ್ಡಿಗೆ ಇಂಜಿನ್ ಇಳಿಸಿದ ಡ್ರೈವರು ಎಲ್ಲಿದ್ದರೂ ಆ ದಿನ ಬಂದು ಪಕ್ಕದಲ್ಲಿ ನಿಂತು, ಒಂದೊಂದು ಬೋಲ್ಟಿಗೂ ಸಾಕು ಅನ್ನುವುದನ್ನು ತನ್ನ ಕಿವಿಯಿಂದ ಕೇಳಿಕೊಂಡೇ ಹೋಗುತ್ತಿದ್ದ. ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ ಅದು ಒಂದು ಪದ್ಧತಿಯೇ ಆಗಿಬಿಟ್ಟಿತ್ತು.

ಮೊದಲು ಹಾರೆ ಹಿಡಿಯಲು ಒಬ್ಬ ಆಳಿದ್ದ. ಗಟ್ಟಿ ಮನುಷ್ಯ. ಶರಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದಾಗ ಅವನು ಒಂದು ಮಾತೂ ಹೇಳದೆ ಅಲ್ಲಿಗೆ ಕಾಲುಕಿತ್ತ. ಅರ್ಧ ಕೂಡಿಸಿದ ಇಂಜಿನ್ನು ನೆಲದ ಮೇಲೆ ಕೂತಿತ್ತು. ನಮ್ಮವರು ಮುಖ ಗಂಟು ಹಾಕಿಕೊಂಡು ಒಳಗೂ ಹೊರಗೂ ಓಡಾಡಿದರು. ಕೊನೆಗೆ ನಡುಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಗೋಡೆ ನೋಡಿಕೊಂಡು ಕೇಳಿದರು.

“ಸ್ವಲ್ಪ ಬಂದು ಹಾರಿ ಹಿಡೀತಿಯೇನು?”

“ನಾ ಹಿಡದ್ರ ನಿಮ್ಮ ಇಂಜಿನ್ನಿಗೆ ಮೈಲಿಗಿ ಆಗೂದಿಲ್ಲೇನ್ರಿ?” ಎಂದೆ. ಹಿಂದಿನ ವಾರವಷ್ಟೇ ಹೊಸ್ತಿಲು ದಾಟಿ ಶೆಡ್ಡಿಗೆ ಬಂದದ್ದಕ್ಕೆ ನನಗೆ ಬೈದಿದ್ದರು. ಅದನ್ನು ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ಆದರೂ ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತೆ. ಮೊದಲ ದಿನ ಹಾರೆ ಜಾರಿ ಮೊಣಕಾಲು ಸುಲಿಯಿತು. ಸಾಕು ಅನ್ನಬೇಕಾದಲ್ಲಿ ಸುಮ್ಮನಿದ್ದೆ, ಅನ್ನಬಾರದ ಕಡೆ ಅಂದೆ. ಇಬ್ಬರೂ ಜಗಳವಾಡಿದೆವು. ಆಮೇಲೆ ಅವರು ನನ್ನ ಕೈಯನ್ನು ಹಾರೆಯ ಮೇಲೆ ಇಡಿಸಿ, ತಾವು ಮೆತ್ತಗೆ ಎಳೆದು, ಜೋರಾಗಿ ಎಳೆದು, ಈಗ ನೋಡು, ಈಗ ನೋಡು ಎಂದು ಕಲಿಸಿದರು. ಮದುವೆಯಾದ ಮೇಲೆ ಅವರು ನನ್ನ ಜೊತೆ ಅಷ್ಟು ಹೊತ್ತು ತಾಳ್ಮೆಯಿಂದ ಮಾತನಾಡಿದ್ದು ಅದೇ ಮೊದಲು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬೀದಿಯ ಹೆಂಗಸರು ಬಾಯಿಗೆ ಬಂದದ್ದು ಆಡಿಕೊಂಡರು. ಗಂಡನನ್ನು ಬಿಟ್ಟು ಇಂಜಿನ್ನನ್ನು ಅಪ್ಪಿಕೊಂಡು ಕೂತಿರುತ್ತಾಳೆ ಎಂದು ಒಬ್ಬಳು ಅಂದಳಂತೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಎಂದು ನಾನು ಹೇಳಿ ಕಳಿಸಿದೆ. ಡ್ರೈವರುಗಳೂ ಮೊದಮೊದಲು ಮುಖ ತಿರುಗಿಸಿದರು. ಒಂದೆರಡು ಇಂಜಿನ್ನು ಘಟ್ಟ ಇಳಿದು ಹತ್ತಿ ಬಂದ ಮೇಲೆ ಸುಮ್ಮನಾದರು. ಅವರ ಪೈಕಿ ಸಿದ್ದಾಪುರದ ಕಡೆಯ ಒಬ್ಬ ಡ್ರೈವರು ಮಾತ್ರ ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದು ಕರೆದ. ಬಾಯಿಬಡುಕ. ಬಂದವನೇ ನೇರವಾಗಿ ನಡುಬಾಗಿಲಿಗೆ ಬಂದು, ಎಂತ ಸಾರು ಎಂದು ಕೇಳುತ್ತಿದ್ದ. ಸಾರು ಚೆನ್ನಾಗಿಲ್ಲದಿದ್ದರೆ ಅದನ್ನೂ ಹೇಳುತ್ತಿದ್ದ. ನಮಗೆ ಮಕ್ಕಳಿರಲಿಲ್ಲ. ಅವನಿಗೆ ಮಗಳು ಹುಟ್ಟಿದಾಗ ಬೆಲ್ಲ ತಂದು ಮೊದಲು ನಮ್ಮಿಬ್ಬರ ಕೈಗೆ ಕೊಟ್ಟ. ನಮ್ಮವರು ಅದನ್ನು ತಿನ್ನದೆ ಎಷ್ಟೋ ಹೊತ್ತು ಹಿಡಿದುಕೊಂಡೇ ಇದ್ದರು.

ಮೂರು ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಚಳಿಗಾಲದ ಬೆಳಿಗ್ಗೆ ನಮ್ಮವರ ಕೈಯಿಂದ ಚಹಾದ ಲೋಟ ಬಿತ್ತು. ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಲಕ್ವ. ಸೋಂದಾದ ಹತ್ತಿರ ಒಬ್ಬರು ಔಷಧ ಕೊಡುತ್ತಾರೆಂದು ಕೇಳಿ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಎಣ್ಣೆ ತಂದು ತಿಕ್ಕಿದೆ, ಪಥ್ಯ ಮಾಡಿದೆ. ಬಾಯಿ ಸರಿಹೋಯಿತು, ಕೈಯಲ್ಲಿ ಲೋಟ ನಿಂತಿತು, ಕುಂಟುತ್ತ ನಡೆಯುವಂತಾದರು. ಆದರೆ ಬಲ ಬರಲಿಲ್ಲ. ಹಿಂಡಿದ ಬಟ್ಟೆಯಲ್ಲಿ ನೀರು ಹಾಗೇ ಇರುತ್ತಿತ್ತು. ಅಂಗೈ ಜೋಮು ಹಿಡಿದ ಹಾಗಿದೆ ಎಂದು ಒಮ್ಮೆ ಮಾತ್ರ ಹೇಳಿದರು.

ಹೊರಗಿನವರಿಗೆ ಅವರು ಹೇಳಿದ್ದೇ ಬೇರೆ. ಜಾಕು ಜಾರಿತು, ಸೊಂಟ ಹಿಡಿದಿದೆ ಅಂದರು. ನಾನೂ ಅದನ್ನೇ ಹೇಳಿದೆ. ಯಾಕೆ ಹೇಳಿದೆ ಎಂದು ಯಾರಾದರೂ ಕೇಳಿದರೆ, ಕೈ ಸತ್ತ ಮೇಸ್ತ್ರಿಯ ಹತ್ತಿರ ಯಾರು ಲಾರಿ ತರುತ್ತಾರೆ ಎಂದು ನಾನೇ ಕೇಳುತ್ತೇನೆ. ಹೊಟ್ಟೆಪಾಡಿನ ಮಾತಷ್ಟೇ ಅಲ್ಲ. ಆ ಮನುಷ್ಯನಿಗೆ ಬೇರೆ ಏನೂ ಇರಲಿಲ್ಲ. ಮೇಸ್ತ್ರಿ ಅನ್ನುವುದನ್ನು ತೆಗೆದರೆ ಉಳಿಯುವುದು ಯಾರು ಎಂದು ನನಗೂ ಗೊತ್ತಿರಲಿಲ್ಲ.

ಸಣ್ಣಪುಟ್ಟ ರಿಪೇರಿ ನಡೆಯುತ್ತಿತ್ತು. ಭಾರದ ಬೋಲ್ಟು ಬಂದರೆ ಶೆಡ್ಡಿನ ಬಾಗಿಲು ಎಳೆದುಕೊಂಡು, ಹಿತ್ತಲಿನಲ್ಲಿ ಬಿದ್ದಿದ್ದ ನೀರಿನ ಪೈಪಿನ ತುಂಡೊಂದನ್ನು ಪಾನಾಕ್ಕೆ ಸಿಕ್ಕಿಸಿ, ಅದರ ಮೇಲೆ ಮೈಬಿಟ್ಟು ಬಿಗಿಯುತ್ತಿದ್ದರು. ಬೇರೆಯವರನ್ನು ನೋಡಿ ನಗುತ್ತಿದ್ದ ಅದೇ ಪೈಪು. ನಾನು ಹಾರೆ ಹಿಡಿದು ಸಾಕು ಅನ್ನುತ್ತಿದ್ದೆ. ಪೈಪು ತೆಗೆದು ಗೋಣಿಯಲ್ಲಿ ಸುತ್ತಿ ಹಿತ್ತಲಿಗೆ ಇಡುವುದೂ ನನ್ನದೇ ಕೆಲಸ. ಆ ಪೈಪಿನ ಬಗ್ಗೆ ನಾವು ಒಂದು ದಿನವೂ ಮಾತನಾಡಲಿಲ್ಲ.

ಆ ಬೇಸಿಗೆಯಲ್ಲಿ ಸಿದ್ದಾಪುರದ ಡ್ರೈವರನ ಲಾರಿಯ ಇಂಜಿನ್ನು ಇಳಿಯಿತು. ಮಳೆ ಹಿಡಿಯುವ ಮೊದಲು ನಂದೊಳ್ಳಿ ಕಡೆಯ ಕಾಡಿನಿಂದ ನಾಟಾ ಸಾಗಿಸಿ ಮುಗಿಸಬೇಕಿತ್ತು. ನಮ್ಮವರು ಕುಂಟುತ್ತಲೇ ಒಂದೊಂದು ಸಾಮಾನೂ ತೊಳೆದು, ತಿಕ್ಕಿ, ಕೂಡಿಸಿದರು. ಆ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಚಕ್ರದ ಬೋಲ್ಟುಗಳನ್ನು ಡ್ರೈವರು ಬರುವ ಮೊದಲೇ, ಬಾಗಿಲು ಎಳೆದುಕೊಂಡು, ಪೈಪು ಹಾಕಿ ಬಿಗಿದುಬಿಡೋಣ ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು. ಅವನು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದ. ಗೇರ್‌ಬಾಕ್ಸು ಎತ್ತಿ ಕೂಡಿಸಲು, ಇಂಜಿನ್ ಏರಿಸಲು ಅಂತ ನಾಟಾ ಡಿಪೋದಿಂದ ಇಬ್ಬರು ಹಮಾಲರನ್ನೂ ಕರೆದುಕೊಂಡೇ ಬಂದಿದ್ದ.

“ಎಂತ ಮೇಸ್ತ್ರಿ, ಚಕ್ರ ಬಿಗಿಯೋದು ಇನ್ನೂ ಆಗ್ಲಿಲ್ವಲ? ಒಳ್ಳೇದಾತು ಮಾರಾಯ್ರೆ, ನಾನು ಕೇಳ್ದೆ ಹೋಗಿದ್ರೆ ಘಟ್ಟದಾಗೆ ನಿದ್ದೆ ಬರ್ತಿರ್ಲಿಲ್ಲ,” ಎಂದು ನಕ್ಕ. ಅವನ ಮಾತು ಯಾವಾಗಲೂ ಹಾಗೆ.

ನಮ್ಮವರು ನನ್ನ ಕಡೆ ನೋಡಿದರು. ನಾನು ಹಿತ್ತಲಿನ ಕಡೆ ನೋಡಿದೆ. ಅವರು ಇಲ್ಲ ಎಂಬಂತೆ ಸ್ವಲ್ಪ ತಲೆಯಾಡಿಸಿದರು. ಈ ಮೂವರ ಎದುರು ಪೈಪು ತರುವುದಕ್ಕಿಂತ ಸಾಯುವುದೇ ವಾಸಿ ಎಂಬ ಮುಖ. ಆದರೂ ಹೋಗಿ ಹಾರೆಯನ್ನು ಹಲ್ಲಿಗೆ ಸಿಕ್ಕಿಸಿ, ದಿಮ್ಮಿಗೆ ಕಾಲು ಕೊಟ್ಟು ಕೂತೆ. ಹಮಾಲರು ಬೀಡಿ ಆರಿಸಿದರು. ಡ್ರೈವರು ಕೈಕಟ್ಟಿ ನಿಂತ.

ಅವರು ಪಾನಾ ಹಾಕಿ, ಎಡಗೈಯನ್ನು ಬಲಗೈಯ ಮೇಲಿಟ್ಟು ಎಳೆದರು. ಬೋಲ್ಟು ತಿರುಗಿತು, ಹಾರೆ ಅದುರಿತು. ಮತ್ತೆ ಎಳೆದರು. ಬೋಲ್ಟು ನಿಂತಿತು. ಪಾನಾ ಮುಂದೆ ಹೋಗಲಿಲ್ಲ. ನೋಡುವವರ ಕಣ್ಣಿಗೆ ಮೊದಲಿನ ಹಾಗೇ ಇತ್ತು. ಕತ್ತಿನ ನರ ಉಬ್ಬಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಆದರೆ ನನ್ನ ತೋಳಿಗೆ ಏನೂ ಬರಲಿಲ್ಲ. ಹಾರೆಯ ಮೇಲೆ ಒಂದು ಸಣ್ಣ ಒತ್ತು, ಕರು ಮೂತಿ ತಾಗಿಸಿದಷ್ಟು. ಇಂಜಿನ್ನು ದಿಮ್ಮಿಯ ಮೇಲೆ ಆರಾಮಾಗಿ ಕೂತಿತ್ತು. ಅದನ್ನು ಹಿಡಿಯಲು ನಾನು ಬೇಕಾಗಿಯೇ ಇರಲಿಲ್ಲ.

ಅವರು ನನ್ನ ಮುಖ ನೋಡಿದರು. ಡ್ರೈವರೂ ನೋಡಿದ.

ಆಗ ನನಗೆ ಅನಿಸಿದ್ದನ್ನೆಲ್ಲ ಹೇಳುತ್ತೇನೆ. ಸಾಕು ಅಂದುಬಿಡೋಣ, ಇವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಬಿಗಿಯೋಣ ಅನಿಸಿತು. ಆದರೆ ಅವನು ಹೋಗುವವನಲ್ಲ. ಹಮಾಲರು ಗೇರ್‌ಬಾಕ್ಸಿಗೆ ಹಗ್ಗ ಕಟ್ಟಿಯೇ ಇಟ್ಟಿದ್ದರು. ಅದು ಕೂತ ಮೇಲೆ ಈ ಬೋಲ್ಟುಗಳು ಒಳಗೆ ಮುಚ್ಚಿಹೋಗುತ್ತವೆ, ಯಾರ ಕೈಗೂ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಲೋಡಿನ ಜೊತೆ ಘಟ್ಟದಲ್ಲಿರುತ್ತಾನೆ. ಇವರ ಕೈಗೆ ಯಾಕೆ ಬಲ ಕೊಡಲಿಲ್ಲ ಎಂದು ದೇವರ ಮೇಲೆ ಸಿಟ್ಟು ಬಂತು. ಒಂದು ದಿನ ಮೊದಲು ಬಂದ ಡ್ರೈವರನ ಮೇಲೆ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು, ಒಂದು ತುಂಡು ಪೈಪಿಗೆ ನಾಚುವ ಈ ಗಂಡಸಿನ ಮೇಲೆ ಬಂತು.

“ಇನ್ನಾ ಆಗಿಲ್ಲ,” ಎಂದೆ.

ಅವರು ಮತ್ತೆ ಎಳೆದರು. ಕುಂಟುಗಾಲು ನೆಲದ ಮೇಲೆ ಜಾರಿತು. ಹಾರೆಗೆ ಅಷ್ಟೇ ಒತ್ತು.

“ಇನ್ನಾ ಆಗಿಲ್ರಿ.”

ಅವರು ಪಾನಾ ಬಿಡದೆ, ಬಗ್ಗಿಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಅಂದರು: “ನಿನ್ನ ಹಿಡಿತ ಸಡಲ ಆಗೇತಿ. ನೀ ನೆಟ್ಟಗ ಹಿಡದಿಲ್ಲ.”

ಅಷ್ಟು ವರ್ಷ ಹಿಡಿದವಳಿಗೆ ಆಡಿದ ಮಾತು ಅದು. ಕಣ್ಣಿಗೆ ನೀರು ಬಂದದ್ದು ನೋವಿಗಲ್ಲ, ಸಿಟ್ಟಿಗೆ.

ಡ್ರೈವರು ಪಾಪ ಒಳ್ಳೆಯ ಮನಸ್ಸಿನಿಂದಲೇ ಮುಂದೆ ಬಂದ. “ಅಕ್ಕಂಗೆ ಸುಸ್ತಾಗೈತೆ ಮೇಸ್ತ್ರಿ. ಅಕ್ಕಾ, ನೀವು ಏಳಿ. ನಾನು ಹಿಡ್ಕತೀನಿ.”

ನಮ್ಮವರು ತಲೆ ಎತ್ತಿದರು. ಅವರ ಮುಖದ ಮೇಲೆ ಬಂದದ್ದು ಸಮಾಧಾನ. ಅದನ್ನು ನಾನು ಮರೆತಿಲ್ಲ. ಅವನು ಹಿಡಿದರೆ ಅವನಿಗೆ ತಿಳಿಯುವುದಿಲ್ಲ. ಹಾರೆ ಒತ್ತುವುದು ಹೇಗಿರಬೇಕೆಂದು ಅವನು ಒಂದು ದಿನ ಹಿಡಿದು ನೋಡಿದವನಲ್ಲ. ಮೇಸ್ತ್ರಿ ಎಳೆದು ನಿಲ್ಲಿಸಿದರೆ ಅವನು ಭಕ್ತಿಯಿಂದ ಸಾಕು ಅನ್ನುತ್ತಾನೆ. ತನ್ನ ಬಾಯಿಯಿಂದಲೇ ಅಂದುಕೊಂಡು, ನೆಮ್ಮದಿಯಿಂದ ಘಟ್ಟಕ್ಕೆ ಹೋಗುತ್ತಾನೆ.

ನಾನು ಏಳಲಿಲ್ಲ. ಹಾರೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ.

“ಹಾರಿ ನಾ ಬಿಡೂದಿಲ್ಲ. ನಿನಗ ಮಾಡೂ ಮನಸಿದ್ರ ಪಾನಾ ಹಿಡದು ಎಳಿ,” ಎಂದೆ.

ಅಷ್ಟೇ ಸಾಕಾಯಿತು. ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ನಮ್ಮವರ ಬಲಗೈಯನ್ನು ನೋಡಿದ. ಅದು ಪಾನಾದ ಮೇಲೆ ನಡುಗುತ್ತಿತ್ತು. ಅವನ ಮುಖದಲ್ಲಿದ್ದ ನಗು ಹೋಯಿತು. ನಮ್ಮವರು ಪಾನಾವನ್ನು ಬೋಲ್ಟಿನಿಂದ ತೆಗೆದು, ಎಡಗೈಯಿಂದ ಅವನ ಕಡೆ ಚಾಚಿದರು. ಎಸೆಯಲಿಲ್ಲ. ಎಸೆದಿದ್ದರೆ ಚೆನ್ನಾಗಿತ್ತು.

ಅವನು ಎಳೆದ. ಬೋಲ್ಟು ಕಿರುಗುಟ್ಟಿ ತಿರುಗಿತು, ಮತ್ತೆ ತಿರುಗಿತು. ನಿಂತಿದೆ ಎಂದುಕೊಂಡಿದ್ದ ಬೋಲ್ಟು ಎಲ್ಲರ ಕಣ್ಣೆದುರಿಗೆ ಅಷ್ಟು ತಿರುಗಿತು. ಹಮಾಲರಲ್ಲಿ ಒಬ್ಬ ಅಯ್ಯೋ ಅಂದ. ಆಮೇಲೆ ಹಾರೆ ನನ್ನ ತೋಳಿಗೆ ಬಂದು ಹೊಡೆಯಿತು, ಇಂಜಿನ್ನು ದಿಮ್ಮಿಯ ಮೇಲೆ ಮಿಸುಕಿತು. ಸಾಕು ಎಂದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. ಹೀಗೆ ಚಕ್ರದ ಸುತ್ತ ಎಲ್ಲ ಬೋಲ್ಟೂ ಮುಗಿಯಿತು. ನಮ್ಮವರು ಬಾಗಿಲ ಹತ್ತಿರ ಖಾಲಿ ಎಣ್ಣೆ ಡಬ್ಬಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಗೇರ್‌ಬಾಕ್ಸು ಎತ್ತುವಾಗ ಮಾತ್ರ ಎದ್ದು ಬಂದು, ಹೀಗೆ, ಇನ್ನೂ ಸ್ವಲ್ಪ ಹೀಗೆ, ಎಂದು ಹೇಳಿಕೊಟ್ಟರು. ಅವರ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಲಾರಿ ಘಟ್ಟ ಇಳಿಯಿತು, ಖಾಲಿಯಾಗಿ ಹತ್ತಿಯೂ ಬಂತು. ಮಳೆ ಹಿಡಿಯುವವರೆಗೂ ಇಳಿದು ಹತ್ತಿ ಮಾಡಿತು. ಡ್ರೈವರು ಯಾರಿಗೂ ಏನೂ ಹೇಳಲಿಲ್ಲ ಎಂದು ಆಣೆ ಮಾಡಿದ, ನಾನು ನಂಬುತ್ತೇನೆ. ಹಮಾಲರ ಬಾಯಿಗೆ ಬೀಗ ಹಾಕುವವರು ಯಾರು? ಒಂದು ತಿಂಗಳಲ್ಲಿ ರಸ್ತೆಗೆಲ್ಲ ಗೊತ್ತಾಯಿತು.

ಲಾರಿಗಳು ಬರುವುದು ನಿಲ್ಲುತ್ತದೆ ಎಂದು ನಾನು ಹೆದರಿದ್ದೆ. ನಿಲ್ಲಲಿಲ್ಲ. ನಿಂತಿದ್ದರೆ ನಮ್ಮವರು ಊರನ್ನು ಬೈದುಕೊಂಡಾದರೂ ಬದುಕುತ್ತಿದ್ದರೋ ಏನೋ. ಡ್ರೈವರುಗಳು ಬಂದರು. ಗಂಡನ ಎದುರೇ ತಪ್ಪನ್ನು ತಪ್ಪು ಅಂದ ಹೆಂಗಸಿನ ಸಾಕು ಎಂಬ ಮಾತಿಗೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿತ್ತು. ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದ ಅವರನ್ನು ದಾಟಿ ಒಳಗೆ ಇಣುಕಿ, ಮರ್ಯಾದೆಯಿಂದಲೇ ಕೇಳುತ್ತಿದ್ದರು: “ಅಕ್ಕಾರು ಅದಾರೇನ್ರಿ?”

ಮೊದಲು ಕೆಲವು ಸಲ ಅವರು, ಅದಾಳ, ಎಂದು ಉತ್ತರ ಕೊಟ್ಟರು. ಆಮೇಲೆ ಡಬ್ಬಿಯಿಂದ ಎದ್ದು, ಕಾಲೆಳೆಯುತ್ತ ಒಳಗೆ ಹೋಗಿ ಮಲಗಲು ಶುರುಮಾಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಶೆಡ್ಡಿಗೆ ಕಾಲಿಡುವುದನ್ನೇ ಬಿಟ್ಟರು. ಡ್ರೈವರುಗಳೇ ಪಾನಾ ಎಳೆಯುತ್ತಿದ್ದರು, ನಾನು ಹಾರೆ ಹಿಡಿಯುತ್ತಿದ್ದೆ. ಒಳಗೆ ಅವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನಾನು ಸಾಕು ಅಂದದ್ದು ಆ ಕೋಣೆಗೆ ಕೇಳುತ್ತದೆಂದು ನನಗೆ ಗೊತ್ತಿತ್ತು. ಮೆಲ್ಲಗೆ ಹೇಳಲು ನೋಡಿದೆ. ಡ್ರೈವರುಗಳು ಏನಂದ್ರಿ ಏನಂದ್ರಿ ಎಂದು ಕೇಳಿ ಮತ್ತೆ ಜೋರಾಗಿ ಹೇಳಿಸುತ್ತಿದ್ದರು.

ನಾನು ಮಾಡಿದ್ದು ತಪ್ಪು ಎಂದು ನನಗೆ ಯಾವತ್ತೂ ಅನಿಸಿಲ್ಲ. ಆದರೆ ಒಂದು ಸಮಾಧಾನ ಬೇಕಿತ್ತು, ಅದನ್ನು ನಾನೇ ಕಟ್ಟಿಕೊಂಡೆ. ಅವರ ಅಂಗೈ ಜೋಮು ಹಿಡಿದಿತ್ತಲ್ಲ, ಪಾಪ, ಬೋಲ್ಟು ಸಡಿಲವಿದೆ ಅಂತ ಅವರಿಗೆ ತಿಳಿದಿರಲಿಕ್ಕಿಲ್ಲ. ನನ್ನ ಹಿಡಿತ ಸಡಿಲ ಅಂದದ್ದೂ ನಿಜವಾಗಿ ಹಾಗನಿಸಿಯೇ ಇರಬೇಕು. ಡ್ರೈವರನಿಗೆ ತಾವೇ ನೀರು ಕೊಡುತ್ತಿದ್ದ ಮನುಷ್ಯ, ಅವನ ಮಗಳು ಹುಟ್ಟಿದ ಬೆಲ್ಲವನ್ನು ಕೈಯಲ್ಲೇ ಹಿಡಿದು ಕೂತಿದ್ದ ಮನುಷ್ಯ. ಅವರು ತಿಳಿದೂ ತಿಳಿದೂ ಅವನನ್ನು ಕಳಿಸುತ್ತಿರಲಿಲ್ಲ. ಇದನ್ನು ಮನಸ್ಸಿನಲ್ಲಿ ಹೇಳಿಕೊಂಡೇ ನಾನು ಅವರಿಗೆ ಎಣ್ಣೆ ತಿಕ್ಕುತ್ತಿದ್ದೆ, ತಲೆಗೆ ನೀರು ಹಾಕುತ್ತಿದ್ದೆ.

ಎರಡನೆಯ ಸಲ ಲಕ್ವ ಹೊಡೆದಾಗ ಹಾಸಿಗೆ ಹಿಡಿದರು. ಮಾತು ತೊದಲುತ್ತಿತ್ತು, ನನಗೆ ಮಾತ್ರ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಗೋಡೆಗೆ ಒರಗಿಸಿ ಕೂರಿಸಿ ಗಂಜಿ ತಿನ್ನಿಸುತ್ತಿದ್ದೆ. ಹೊರಗೆ ಯಾವುದೋ ಲಾರಿ ಬಂದು ನಿಂತ ಸದ್ದಾಯಿತು. ನನ್ನ ಕೈಯಲ್ಲಿ ಚಮಚ ಇತ್ತು. ಯಾಕೋ ಬಾಯಿಂದ ಬಂದುಬಿಟ್ಟಿತು.

“ಅವತ್ತ ಬೋಲ್ಟು ಸಡಲ ಅದಾವಂತ ನಿಮಗ ಗೊತ್ತಾಗಿದ್ದಿಲ್ಲ, ಹೌದಲ್ರಿ?”

ಹೌದು ಅನ್ನಲಿ ಎಂದೇ ಕೇಳಿದ್ದು. ತಲೆಯಾಡಿಸಿದ್ದರೂ ಸಾಕಿತ್ತು. ಅವರು ಗಂಜಿ ನುಂಗಿ, ನನ್ನನ್ನೇ ನೋಡಿದರು.

“ಗೊತ್ತಿತ್ತು,” ಅಂದರು.

“ಮತ್ತ ನಾ ಸಾಕು ಅಂದಿದ್ರ?”

“ಬಿಡ್ತಿದ್ದೆ. ಎಲ್ಲಾರೂ ನೋಡಾಕತ್ತಿದ್ರಲ್ಲ.”

ಬಟ್ಟಲಿನಲ್ಲಿ ಇನ್ನೂ ಅರ್ಧ ಗಂಜಿ ಉಳಿದಿತ್ತು. ಹೊರಗೆ ಯಾರೋ ಅಕ್ಕಾರು ಎಂದು ಕರೆಯುತ್ತಿದ್ದರು. ತಡೀರಿ ಎಂದು ಕೂಗಿ ಹೇಳಿ, ಉಳಿದ ಗಂಜಿಯನ್ನು ತಿನ್ನಿಸಿ, ಬಾಯಿ ಒರೆಸಿ, ಅವರನ್ನು ಮಗ್ಗುಲಾಗಿ ಮಲಗಿಸಿದೆ.